ಕಾಚಂಪುಳಿ ಕೊಬ್ಬು ಕರಗಿಸುತ್ತದೆಯೇ? ಕೊಡಗಿನ ಊಟ, ಕೊಡಗಿನ ನಡಿಗೆ ಮತ್ತು ಹೃದಯ

(ದೃಶ್ಯ: ವಿರಾಜಪೇಟೆಯ ಮದುವೆ ಮಂಟಪ. ಊಟದ ಸಾಲು. ಅಕ್ಕಿ ತರಿಯ ಉಂಡೆ ಕಡಂಬುಟ್ಟಿನ ಪಕ್ಕಕ್ಕೆ ಹಂದಿ ಮಾಂಸದ ಪಂದಿ ಕರಿ ಬಡಿಸುವ ಸೌಟು.)

"ಇನ್ನೊಂದು ಸೌಟು ಹಾಕಿಸಿಕೊಳ್ಳಿ ಅಣ್ಣ. ಕಾಚಂಪುಳಿ ಬಿದ್ದಿದೆಯಲ್ಲ, ಕೊಬ್ಬನ್ನೆಲ್ಲ ಅದೇ ಕರಗಿಸಿಬಿಡುತ್ತದೆ."

ಕೊಡಗಿನ ಮದುವೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಹೇಳುವವರು ತಮಾಷೆಗೆ ಹೇಳುವುದಿಲ್ಲ, ನಂಬಿಯೇ ಹೇಳುತ್ತಾರೆ. ಹಾಗಾಗಿ ಮೊದಲು ಇದನ್ನೇ ವಿಚಾರಿಸೋಣ.

(ದೃಶ್ಯ: ಪಂಪುಳಿ ಹಣ್ಣು. ಬಾಟಲಿಯಲ್ಲಿ ಕಪ್ಪಗಿನ ಕಾಚಂಪುಳಿ.)

ಪಂಪುಳಿ ಹಣ್ಣಿನ ರಸವನ್ನು ಗಟ್ಟಿಯಾಗಿ ಕಪ್ಪಾಗುವವರೆಗೆ ಕಾಯಿಸಿದರೆ ಕಾಚಂಪುಳಿ. ಅದರಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಎಂಬುದೊಂದಿದೆ. ನಾವು ತಿಂದ ಹೆಚ್ಚುವರಿ ಪಿಷ್ಟವನ್ನು ದೇಹ ಕೊಬ್ಬಾಗಿ ಮಾಡಿಕೊಳ್ಳುವಾಗ ಕೆಲಸ ಮಾಡುವ ಒಂದು ಕಿಣ್ವವನ್ನು ಈ ಆಮ್ಲ ಪ್ರಯೋಗಾಲಯದಲ್ಲಿ ತಡೆಯುತ್ತದೆ. ನಂಬಿಕೆಗೆ ವಿಜ್ಞಾನದ ಬಣ್ಣ ಬಂದದ್ದು ಇಲ್ಲಿಂದ. ಆದರೆ ಮನುಷ್ಯರಿಗೆ ಕೊಟ್ಟು ನೋಡಿದಾಗ ಹೇಳಿಕೊಳ್ಳುವಂಥ ಫಲ ಸಿಕ್ಕಿಲ್ಲ. ತಟ್ಟೆಯಲ್ಲಿ ಈಗಾಗಲೇ ಕುಳಿತಿರುವ ಹಂದಿಯ ಕೊಬ್ಬಿಗಂತೂ ಕಾಚಂಪುಳಿ ಏನನ್ನೂ ಮಾಡುವುದಿಲ್ಲ. ಇದೇ ಜಾತಿಯ ಹಣ್ಣಿನ ಸಾರವನ್ನು ತೂಕ ಇಳಿಸುವ ಮಾತ್ರೆಯಾಗಿ 'ಗಾರ್ಸೀನಿಯ' ಎಂಬ ಹೆಸರಿನಲ್ಲಿ ಮಾರುತ್ತಾರೆ. ಅದನ್ನು ನುಂಗಿ ಯಕೃತ್ತಿಗೆ ಪೆಟ್ಟು ಮಾಡಿಕೊಂಡವರ ವರದಿಗಳಿವೆ. ಸಾರಿಗೆ ಹಾಕುವ ಒಂದು ಚಮಚಕ್ಕೆ ಹೆದರಬೇಕಿಲ್ಲ, ಮಾತ್ರೆಯ ಸಹವಾಸ ಬೇಡ.

ಹಾಗಾದರೆ ಪಂದಿ ಕರಿ ಬಿಡಬೇಕೇ? ಬೇಡ. ಹೃದಯದ ವಿಷಯ ಬಂದಾಗಲೆಲ್ಲ ಪಂದಿ ಕರಿಯನ್ನು ಕಟಕಟೆಗೆ ಎಳೆಯುವುದು ನಮಗೆ ಅಭ್ಯಾಸವಾಗಿದೆ. ನನಗೆ ಹೆಚ್ಚು ಚಿಂತೆ ತರುವುದು ಹಬ್ಬದ ಎಲೆಯಲ್ಲ, ಯಾರೂ ಗಮನಿಸದ ಮಂಗಳವಾರದ ತಟ್ಟೆ.

(ಪರದೆಯ ಮೇಲೆ: 53 ಮತ್ತು 59)

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳ ಹೃದಯಾಘಾತಗಳನ್ನು ನೋಡಿತು. ಧೂಮಪಾನ, ರಕ್ತದ ಕೊಬ್ಬಿನಂಶ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ, ಮದ್ಯ, ದೇಹದ ಚಟುವಟಿಕೆ. ಅಪಾಯದ ಶೇಕಡಾ 90ಕ್ಕೂ ಹೆಚ್ಚು ಪಾಲು ಈ ಒಂಬತ್ತರಲ್ಲೇ ಅಡಗಿತ್ತು. ಅದೇ ಮಾಹಿತಿಯಲ್ಲಿ ಇನ್ನೊಂದು ಸಂಗತಿಯೂ ಕಂಡಿತು: ಮೊದಲ ಹೃದಯಾಘಾತದ ನಡುವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ ಸುಮಾರು 59.

(ದೃಶ್ಯ: ಬೆಳಗಿನ ಅಡುಗೆಮನೆ. ಕಾವಲಿಯ ಮೇಲೆ ಅಕ್ಕಿ ಒಟ್ಟಿ.)

ಈಗ ಮಂಗಳವಾರದ ತಟ್ಟೆ. ಬೆಳಿಗ್ಗೆ ಅಕ್ಕಿ ಒಟ್ಟಿ ಅಥವಾ ನೂಪುಟ್ಟು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಮೂರು ಹೊತ್ತೂ ಅಕ್ಕಿ. ಪಾಲಿಶ್ ಮಾಡಿದ ಅಕ್ಕಿ ಬೇಗ ಸಕ್ಕರೆಯಾಗುತ್ತದೆ. ಮೈ ದಣಿಯದಿದ್ದರೆ ಆ ಹೆಚ್ಚುವರಿ ಸಕ್ಕರೆಯಿಂದ ಯಕೃತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ತಯಾರಿಸುತ್ತದೆ. ಹೊಟ್ಟೆ ಮುಂದೆ ಬರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ಇದು ಮಾಂಸ ಮುಟ್ಟದವರಿಗೂ ಆಗುತ್ತದೆ.

ಅಕ್ಕಿ ಬಿಡಿ ಎಂದು ಕೊಡಗಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅನ್ನದ ಗುಡ್ಡ ಅರ್ಧಕ್ಕೆ ಇಳಿಯಲಿ, ಆ ಜಾಗಕ್ಕೆ ಪಲ್ಯ ಬರಲಿ. ಹುರುಳಿ, ಹೆಸರು, ಕಡಲೆ ದಿನಕ್ಕೊಮ್ಮೆಯಾದರೂ ಇರಲಿ. ಕಾಳುಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಅಷ್ಟು ತಗ್ಗುತ್ತದೆ. ಮಳೆಗಾಲದಲ್ಲಿ ತರಕಾರಿ ಎಲ್ಲಿ ಎನ್ನುವವರಿಗೆ ತೋಟದ ಅಂಚಿನಲ್ಲೇ ಉತ್ತರವಿದೆ: ಜರಿಗಿಡದ ಚಿಗುರಾದ ತೆರ್ಮೆ ಸೊಪ್ಪು, ಕೆಸುವಿನ ಎಲೆ, ನೀರು ಬದಲಿಸಿ ನೆನೆಸಿದ ಬೈಂಬಳೆ, ಅಂದರೆ ಎಳೆ ಬಿದಿರು. ವಾರಕ್ಕೆ ಎರಡು ದಿನ ಬಂಗುಡೆಯೋ ಮತ್ತಿಯೋ ಸಾರಾಗಲಿ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಈ ಅಗ್ಗದ ಮೀನುಗಳಲ್ಲಿ ಒಮೆಗಾ 3 ಎಂಬ ಒಳ್ಳೆಯ ಕೊಬ್ಬು ಧಾರಾಳವಾಗಿದೆ.

ಪಂದಿ ಕರಿ ಮಾಡುವ ದಿನ ಒಂದು ಉಪಾಯ. ಹಿಂದಿನ ಸಂಜೆಯೇ ಬೇಯಿಸಿ, ಆರಿಸಿ, ಫ್ರಿಜ್‌ನಲ್ಲಿ ಇಡಿ. ಬೆಳಿಗ್ಗೆ ಮೇಲೆ ಬಿಳಿಯ ಪದರ ಕಟ್ಟಿರುತ್ತದೆ, ಅದನ್ನು ಚಮಚದಿಂದ ತೆಗೆದು ಬಿಸಿ ಮಾಡಿ. ರುಚಿ ಮಸಾಲೆಯಲ್ಲಿ ಉಳಿದಿರುತ್ತದೆ. ಇನ್ನೊಂದು ಮಾತು, ಹಂದಿಯ ಕೊಬ್ಬಿನಲ್ಲಿ ಪರ್ಯಾಪ್ತ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯದು, ಸುಮಾರು ಶೇಕಡಾ 40. ಕೊಬ್ಬರಿ ಎಣ್ಣೆಯಲ್ಲಿ ಅದು ಶೇಕಡಾ 80ಕ್ಕೂ ಮೇಲೆ. ಹಂದಿಯನ್ನು ದೂರುತ್ತ ಪಲ್ಯಕ್ಕೆ ಕೊಬ್ಬರಿ ಎಣ್ಣೆ ಸುರಿಯುವವರು ಇದನ್ನು ಸ್ವಲ್ಪ ಯೋಚಿಸಬೇಕು.

(ದೃಶ್ಯ: ಉಪ್ಪಿನ ಡಬ್ಬಿ, ಒಂದು ಟೀ ಚಮಚ.)

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರು, ಪಲ್ಯ, ಉಪ್ಪಿನಕಾಯಿ, ಒಣ ಮೀನು ಎಲ್ಲ ಸೇರಿ ಒಂದು ಟೀ ಚಮಚದಷ್ಟು. ನಮ್ಮಲ್ಲಿ ಮಳೆಗಾಲದ ಗಂಜಿಯ ಪಕ್ಕದ ಒಣ ಮೀನು, ಉಪ್ಪಿನಕಾಯಿಯಲ್ಲೇ ಅದರ ದೊಡ್ಡ ಪಾಲು ಮುಗಿದಿರುತ್ತದೆ. ಕಾಚಂಪುಳಿ ನಿಜವಾಗಿ ನೆರವಾಗುವುದು ಇಲ್ಲಿ. ಹುಳಿ ಮತ್ತು ಕರಿಮೆಣಸು ನಾಲಿಗೆಯನ್ನು ಹಿಡಿದರೆ ಉಪ್ಪು ಕಡಿಮೆಯಾದದ್ದು ಅಷ್ಟಾಗಿ ತಿಳಿಯುವುದಿಲ್ಲ. ಕೊಬ್ಬು ಕರಗಿಸದ ಕಾಚಂಪುಳಿ ರಕ್ತದೊತ್ತಡವನ್ನು ಹತೋಟಿಯಲ್ಲಿಡಲು ಹೀಗೆ ಅಡ್ಡದಾರಿಯಿಂದ ಕೈಜೋಡಿಸಬಹುದು.

ಕಾಫಿ ಬಿಟ್ಟು ಕೊಡಗಿನ ಮಾತು ಮುಗಿಯದು. ಪುಡಿಯನ್ನು ನೀರಿನಲ್ಲಿ ಕುದಿಸಿ, ಸೋಸದೆ ಕುಡಿದರೆ ಕೆಫೆಸ್ಟಾಲ್ ಎಂಬ ಎಣ್ಣೆಯಂಶ ಲೋಟಕ್ಕೆ ಬರುತ್ತದೆ. ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಕಾಗದದ ಸೋಸುಕದಲ್ಲಿ ಅದರ ಬಹುಪಾಲು ನಿಂತುಬಿಡುತ್ತದೆ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೆಸ್ಟಾಲ್ ಕಡಿಮೆ, ಕೆಫೀನ್ ಹೆಚ್ಚು. ಬೆಲ್ಲದ ಕಾಫಿಯಲ್ಲಿರುವ ಬೆಲ್ಲವೂ ಸಕ್ಕರೆಯೇ, ಬೇಸರಿಸಬೇಡಿ. ಸ್ವಲ್ಪ ಮದ್ಯ ಹೃದಯಕ್ಕೆ ಒಳ್ಳೆಯದೆಂಬ ಹಳೆಯ ಮಾತನ್ನು ಇಂದಿನ ತಿಳಿವಳಿಕೆ ಬೆಂಬಲಿಸುವುದಿಲ್ಲ. ಮನೆಯಲ್ಲಿ ಮಾಡಿದ ವೈನ್ ಕೂಡ ಮದ್ಯವೇ.

(ದೃಶ್ಯ: ಲಂಡನ್ನಿನ ಹಳೆಯ ಎರಡಂತಸ್ತಿನ ಬಸ್ಸಿನ ರೇಖಾಚಿತ್ರ. ಮುಂದೆ ಚಾಲಕ, ಮೆಟ್ಟಿಲ ಮೇಲೆ ನಿರ್ವಾಹಕ.)

ಇನ್ನು ಮೈ ದಣಿಸುವ ವಿಷಯ. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ನೌಕರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ದಿನವಿಡೀ ಕುಳಿತ ಚಾಲಕರಿಗಿಂತ, ಅದೇ ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದಯರೋಗ ಕಡಿಮೆಯಿತ್ತು. ಕೊಡಗಿನ ತೋಟಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಏರು ತಗ್ಗಿನ ತೋಟವನ್ನು ಕಾಲ್ನಡಿಗೆಯಲ್ಲಿ ಸುತ್ತುತ್ತಿದ್ದ ಅಜ್ಜನ ಊಟ ಮೊಮ್ಮಗನಿಗೂ ಹಾಗೆಯೇ ಬಂದಿದೆ, ಆದರೆ ಮೊಮ್ಮಗ ಗೇಟಿನವರೆಗೂ ಜೀಪಿನಲ್ಲೇ ಹೋಗುತ್ತಾನೆ.

ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ, ಅಥವಾ 75 ನಿಮಿಷ ಏದುಸಿರು ಬರಿಸುವ ಶ್ರಮ. ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಅಳತೆ ಸುಲಭ: ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ಉಸಿರಿದ್ದರೆ ಸಾಕು. ಮಡಿಕೇರಿಯಲ್ಲಿ ಸಮತಟ್ಟು ರಸ್ತೆ ಹುಡುಕುವುದೇ ಕಷ್ಟ, ಆದ್ದರಿಂದ ಈ ಮಟ್ಟ ಬೇಗ ಸಿಗುತ್ತದೆ.

ಆದರೆ "ನಸುಕಿನಲ್ಲಿ ಎದ್ದು ನಡೆಯಿರಿ" ಎಂಬ ಬಯಲುಸೀಮೆಯ ಸಲಹೆಯನ್ನು ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಕಡೆಯವರು ಕಣ್ಣುಮುಚ್ಚಿ ಪಾಲಿಸಬೇಡಿ. ಕತ್ತಲಲ್ಲಿ ತೋಟದ ರಸ್ತೆ ಆನೆಯದು. ಬೆಳಕು ಚೆನ್ನಾಗಿ ಬಂದ ಮೇಲೆ ನಡೆಯಿರಿ, ಇಲ್ಲವೇ ಮನೆಯ ಮುಂದಿನ ಕಾಫಿ ಕಣವನ್ನೇ ಸುತ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೂ ಆಗದು. ಆಗ ಜಗಲಿಯ ಉದ್ದಕ್ಕೂ ಹತ್ತು ಹತ್ತು ನಿಮಿಷದ ನಡಿಗೆ, ಮೆಟ್ಟಿಲು ಹತ್ತಿ ಇಳಿಯುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಊಟದ ನಂತರದ ಹತ್ತು ನಿಮಿಷ ರಕ್ತದ ಸಕ್ಕರೆಯನ್ನೂ ತಗ್ಗಿಸುತ್ತದೆ.

(ದೃಶ್ಯ: ಹಾಕಿ ಮೈದಾನ, ಏಪ್ರಿಲ್ ಬಿಸಿಲು.)

1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ ನಮ್ಮ ಹೆಮ್ಮೆ. ಮನೆತನದ ಹೆಸರು ಉಳಿಸಲು ಅರವತ್ತು ದಾಟಿದವರೂ ಸ್ಟಿಕ್ ಹಿಡಿಯುತ್ತಾರೆ. ವರ್ಷವಿಡೀ ಕುಳಿತು, ಒಂದು ದಿನ ಬಿಸಿಲಿನಲ್ಲಿ ಚೆಂಡಿನ ಹಿಂದೆ ಓಡುವುದು ಹೃದಯಕ್ಕೆ ಅಪಾಯದ ಕೆಲಸ. ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ 2024ರಲ್ಲಿ 43ರ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದದ್ದು ನಿಜ, ಅದರ ಹಿಂದೆ ಬಿಡದ ತಯಾರಿ ಇತ್ತು. ಆಡುವ ಆಸೆ ಇದ್ದರೆ ಎರಡು ತಿಂಗಳ ಮೊದಲೇ ನಡಿಗೆ, ಆಮೇಲೆ ನಿಧಾನ ಓಟ ಆರಂಭಿಸಿ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷಿಸಿ ವೈದ್ಯರನ್ನು ಕೇಳಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ನಡಿಗೆ ಶುರುವಾಯಿತೆಂದು ಅದನ್ನು ನಿಲ್ಲಿಸಬಾರದು.

ಎದೆಯಲ್ಲಿ ಹಿಂಡಿದಂತಹ ನೋವು, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಏದುಸಿರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರಬೇಡಿ. 108ಕ್ಕೆ ಕರೆ ಮಾಡಿ. ನೋವು ಬಂದವರೇ ವಾಹನ ಓಡಿಸಬಾರದು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಆಸ್ಪತ್ರೆಗಳಲ್ಲಿ ಇಸಿಜಿ ಮತ್ತು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಉಚಿತ. ನಿಮಗೆ ಹತ್ತಿರದ್ದು ಯಾವುದು ಎಂದು ಈ ವಾರವೇ ವಿಚಾರಿಸಿ, ಅಲ್ಲಿನ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದ ರಾತ್ರಿ ಪಕ್ಕದ ಯಾವ ಮನೆಯಲ್ಲಿ ಜೀಪು ಇದೆ, ಅದನ್ನು ಓಡಿಸಲು ಯಾರು ಇರುತ್ತಾರೆ ಎಂಬುದನ್ನೂ ಈಗಲೇ ಮಾತಾಡಿಕೊಳ್ಳಿ.