ಅನ್ನ ಬಿಟ್ಟ ಕೈದಿ, ನಳಿಕೆ ಹಿಡಿದ ಸರ್ಕಾರ

ಮಾನ್ಯ ಅಧ್ಯಕ್ಷರೇ, ವೈದ್ಯಕೀಯ ಹಾಗೂ ಕಾನೂನು ವಿದ್ಯಾರ್ಥಿಗಳೇ, ಸ್ನೇಹಿತರೇ,

ಸೆರೆಮನೆಯಲ್ಲಿ ಉಪವಾಸ ಕುಳಿತ ಕೈದಿಗೆ ಬಲವಂತವಾಗಿ ಆಹಾರ ತುಂಬುವುದು ಜೀವ ಉಳಿಸುವ ಕೆಲಸವೋ ಬಾಯಿ ಮುಚ್ಚಿಸುವ ಕೆಲಸವೋ ಎಂಬ ಪ್ರಶ್ನೆಯನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎಚ್ಚರವಾಗಿರುವ, ಯೋಚಿಸಿ ನಿರ್ಧಾರಕ್ಕೆ ಬಂದಿರುವ ಮನುಷ್ಯನನ್ನು ನಾಲ್ಕಾರು ಜನ ಅದುಮಿ ಹಿಡಿದು ಅವನ ಮೂಗಿನೊಳಗೆ ನಳಿಕೆ ತೂರಿಸುವುದು ಹಿಂಸೆ. ಆಸ್ಪತ್ರೆಯ ಮಂಚದ ಮೇಲೆ, ವೈದ್ಯರ ಕೈಯಿಂದಲೇ ನಡೆದರೂ ಅದು ಹಿಂಸೆಯೇ. ಈ ಮಾತಿಗೆ ಆಧಾರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ.

1929ರ ಜೂನ್‌ನಲ್ಲಿ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಜೈಲಿನಲ್ಲಿ ಉಪವಾಸ ಆರಂಭಿಸಿದರು. ತಿನ್ನಲು ಯೋಗ್ಯವಾದ ಊಟ, ಓದಲು ಪುಸ್ತಕ ಮತ್ತು ಪತ್ರಿಕೆ, ಬಲವಂತದ ದುಡಿಮೆಯಿಂದ ವಿನಾಯಿತಿ, ಒಟ್ಟಿನಲ್ಲಿ ರಾಜಕೀಯ ಕೈದಿಗಳೆಂಬ ಮನ್ನಣೆ ಅವರ ಬೇಡಿಕೆಯಾಗಿತ್ತು. ಜುಲೈ 13ರಂದು ಲಾಹೋರ್ ಜೈಲಿನಲ್ಲಿದ್ದ ಜತೀಂದ್ರನಾಥ ದಾಸ್ ಮೊದಲಾದ ಸಂಗಾತಿಗಳು ಕೂಡಿಕೊಂಡರು. ದಾಸ್ ಅವರಿಗೆ ಮೈಮನ್‌ಸಿಂಗ್ ಜೈಲಿನಲ್ಲಿ ಹಿಂದೆಯೇ ಉಪವಾಸ ಮಾಡಿದ ಅನುಭವವಿತ್ತು. ಆತುರಪಡಬೇಡಿ, ಒಮ್ಮೆ ಆರಂಭಿಸಿದರೆ ಕೊನೆಯವರೆಗೆ ಹೋಗಬೇಕಾಗುತ್ತದೆ ಎಂದು ಗೆಳೆಯರನ್ನು ಎಚ್ಚರಿಸಿದವರೂ ಅವರೇ. ಉಪವಾಸವನ್ನು ಹುಚ್ಚುತನವೆಂದೋ ಕ್ಷಣಿಕ ಆವೇಶವೆಂದೋ ತಳ್ಳಿಹಾಕುವವರು ಈ ಎಚ್ಚರಿಕೆಯ ಮಾತನ್ನು ಗಮನಿಸಬೇಕು.

ಆ ಜೈಲಿನಲ್ಲಿ ನಡೆದದ್ದನ್ನು ಜೊತೆಯಲ್ಲೇ ಉಪವಾಸವಿದ್ದ ಅಜಯ್ ಘೋಷ್ ಮುಂದೆ ಬರೆದಿಟ್ಟರು. ಕೈದಿಗಳ ಕೋಣೆಗಳಲ್ಲಿದ್ದ ನೀರಿನ ಮಡಕೆಗಳನ್ನು ತೆಗೆದು, ಅವುಗಳ ಜಾಗದಲ್ಲಿ ಹಾಲು ತುಂಬಿದ ಮಡಕೆಗಳನ್ನು ಇಡಲಾಯಿತು. ಬಾಯಾರಿಕೆಯಿಂದ ಗಂಟಲು ಒಣಗಿದವನು ಹಾಲು ಕುಡಿದರೆ ಉಪವಾಸ ಮುರಿಯಿತು, ಕುಡಿಯದಿದ್ದರೆ ನೀರಿಲ್ಲದೆ ಸಾಯಬೇಕು. ನಳಿಕೆ ಒಳಹೋಗದಂತೆ ಗಂಟಲು ಊದಿಸಿಕೊಳ್ಳಲು ಒಬ್ಬ ಕೈದಿ ಕೆಂಪು ಮೆಣಸಿನಕಾಯಿಯನ್ನೂ ಕುದಿಯುವ ನೀರನ್ನೂ ನುಂಗಿದ. ಜುಲೈ ಕೊನೆಯ ಹೊತ್ತಿಗೆ, ಪ್ರತಿಭಟಿಸುತ್ತಿದ್ದ ದಾಸ್ ಅವರಿಗೆ ನಳಿಕೆ ಹಾಕುವಾಗ ಅದು ಶ್ವಾಸಕೋಶದ ಕಡೆಗೆ ಹೋಯಿತು. ಆಮೇಲೆ ಅವರು ಚೇತರಿಸಿಕೊಳ್ಳಲೇ ಇಲ್ಲ. ಸೆಪ್ಟೆಂಬರ್ 13ರಂದು, ಉಪವಾಸದ 63ನೆಯ ದಿನ, 24ರ ಹರೆಯದಲ್ಲಿ ತೀರಿಕೊಂಡರು. ‘ಉಪವಾಸದಿಂದ ಸತ್ತರು’ ಎಂದು ನಮ್ಮ ಶಾಲಾ ಪಾಠಗಳು ಹೇಳುತ್ತವೆ. ಆ ಸಾವಿನಲ್ಲಿ ನಳಿಕೆಯ ಪಾಲೂ ಇತ್ತು ಎಂಬುದನ್ನು ಪಾಠಗಳಲ್ಲಿ ಸೇರಿಸಬೇಕು.

ಇಲ್ಲಿರುವ ವೈದ್ಯ ವಿದ್ಯಾರ್ಥಿಗಳಿಗೆ ಇದು ಹೇಗಾಗುತ್ತದೆಂದು ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಆಸ್ಪತ್ರೆಗಳಲ್ಲಿ ರೈಲ್ಸ್ ಟ್ಯೂಬ್ ಎನ್ನುವ ಈ ನಳಿಕೆಯನ್ನು ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ತುದಿಗೆ ಅಳೆದು ಗುರುತು ಮಾಡಿಕೊಳ್ಳುತ್ತಾರೆ. ನಳಿಕೆ ಗಂಟಲಿಗೆ ಬಂದಾಗ ರೋಗಿಗೆ ‘ನುಂಗಿ’ ಎನ್ನುತ್ತಾರೆ. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವುದರಿಂದ ನಳಿಕೆ ಅನ್ನನಾಳಕ್ಕೆ ಇಳಿಯುತ್ತದೆ. ಅಂದರೆ ಈ ಕ್ರಿಯೆ ಸುರಕ್ಷಿತವಾಗಿ ನಡೆಯಲು ರೋಗಿಯ ಸಹಕಾರ ಬೇಕು. ಕೊಸರಾಡುವವನು, ಕಿರುಚುವವನು, ಉಸಿರಿಗಾಗಿ ಏದುಸಿರು ಬಿಡುವವನು ನುಂಗುವುದಿಲ್ಲ. ಅವನ ಶ್ವಾಸನಾಳ ತೆರೆದೇ ಇರುತ್ತದೆ. ಅಲ್ಲಿಗೆ ಸುರಿದ ಹಾಲು ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುತ್ತದೆ. 1933ರ ಮೇ ತಿಂಗಳಲ್ಲಿ ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ಮಹಾವೀರ್ ಸಿಂಗ್, ಮೋಹನ್ ಕಿಶೋರ್ ನಾಮದಾಸ್, ಮೋಹಿತ್ ಮೊಯಿತ್ರ ಒಬ್ಬರ ಹಿಂದೊಬ್ಬರು ಸತ್ತದ್ದು ಬಲವಂತದ ಆಹಾರದ ಫಲವಾಗಿಯೇ. ಬದುಕಿಸಲೆಂದೇ ನಳಿಕೆ ಹಾಕಿದೆವು ಎಂದು ಹೇಳಿಕೊಂಡ ಆಡಳಿತ ಒಂದೇ ತಿಂಗಳಲ್ಲಿ ಮೂವರನ್ನು ಕೊಂದಿತು. ಕೊನೆಗೆ ಆ ಉಪವಾಸ ನಿಂತದ್ದು ಕೈದಿಗಳ ಬೇಡಿಕೆಗಳಿಗೆ ಸರ್ಕಾರ ಒಪ್ಪಿದಾಗ.

ಲಾಹೋರಿನ ಪ್ರಕರಣದಲ್ಲಿ ಸರ್ಕಾರ ಇನ್ನೊಂದು ದಾರಿಯನ್ನೂ ಹುಡುಕಿತ್ತು. ಉಪವಾಸದಿಂದ ಕುಗ್ಗಿ ನ್ಯಾಯಾಲಯಕ್ಕೆ ಬರಲಾಗದವರನ್ನು ಅವರ ಗೈರುಹಾಜರಿಯಲ್ಲೇ ವಿಚಾರಣೆ ಮಾಡಲು ಅವಕಾಶ ಕೊಡುವ ಮಸೂದೆಯೊಂದನ್ನು ಕೇಂದ್ರ ಶಾಸನಸಭೆಗೆ ತಂದಿತು. ಮಹಮ್ಮದ್ ಅಲಿ ಜಿನ್ನಾ ಅದನ್ನು ಕಟುವಾಗಿ ವಿರೋಧಿಸಿದರು. ಸಾಯುವವರೆಗೆ ಹಸಿದಿರುವುದು ಎಲ್ಲರಿಂದಲೂ ಆಗುವ ಮಾತಲ್ಲ, ಅದಕ್ಕೆ ಇಳಿದವನಿಗೆ ಆತ್ಮಸಾಕ್ಷಿಯ ಬಲವಿರುತ್ತದೆ ಎಂಬುದು ಅವರ ವಾದದ ಸಾರ. ಮುಂದಿನ ರಾಜಕಾರಣದಲ್ಲಿ ಜಿನ್ನಾ ಎಲ್ಲಿ ನಿಂತರು ಎಂಬುದು ಬೇರೆ ಚರ್ಚೆ. ಆ ದಿನ ಸಭೆಯಲ್ಲಿ ಅವರು ನಿಂತದ್ದು ಕೈದಿಯ ಪಕ್ಕದಲ್ಲಿ.

ಬ್ರಿಟನ್ನಿನಲ್ಲಿ ಈ ಪದ್ಧತಿಗೆ ಮೊದಲು ಬಲಿಯಾದ ರಾಜಕೀಯ ಕೈದಿಗಳು ಮತದಾನದ ಹಕ್ಕು ಕೇಳಿದ ಹೆಂಗಸರು. 1909ರ ಶರತ್ಕಾಲದಲ್ಲಿ ಬರ್ಮಿಂಗ್‌ಹ್ಯಾಮ್‌ನ ವಿನ್ಸನ್ ಗ್ರೀನ್ ಜೈಲಿನಲ್ಲಿ ಅದು ಆರಂಭವಾಯಿತು. ಲೇಡಿ ಕಾನ್‌ಸ್ಟನ್ಸ್ ಲಿಟನ್ ಎಂಬ ಶ್ರೀಮಂತ ಮನೆತನದ ಹೆಣ್ಣುಮಗಳನ್ನು ಹೃದಯ ದುರ್ಬಲವಾಗಿದೆಯೆಂದು ಹೇಳಿ ಬಿಟ್ಟುಕಳಿಸಿದರು. ಅದೇ ಲಿಟನ್ 1910ರಲ್ಲಿ ಕೂದಲು ಕತ್ತರಿಸಿಕೊಂಡು, ಜೇನ್ ವಾರ್ಟನ್ ಎಂಬ ಬಡ ದರ್ಜಿಯ ಹೆಸರಿನಲ್ಲಿ ಲಿವರ್‌ಪೂಲ್‌ನಲ್ಲಿ ಬಂಧನಕ್ಕೊಳಗಾದಾಗ, ಹೃದಯವನ್ನು ಸರಿಯಾಗಿ ಪರೀಕ್ಷಿಸದೆಯೇ ನಳಿಕೆ ಹಾಕಿದರು. ಒಂದೇ ದೇಹಕ್ಕೆ, ಹೆಸರು ಬದಲಾದೊಡನೆ, ವೈದ್ಯಶಾಸ್ತ್ರವೇ ಬದಲಾಯಿತು. ವೈದ್ಯಕೀಯ ಕಾರಣ ಎಂಬ ಸಮರ್ಥನೆಯನ್ನು ಅಳೆಯಲು ಇದಕ್ಕಿಂತ ನೇರವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಈಗ ಎದುರುವಾದವನ್ನು ಪ್ರಾಮಾಣಿಕವಾಗಿ ನೋಡೋಣ. ಬಂಧನದಲ್ಲಿರುವವರ ಜೀವಕ್ಕೆ ಸರ್ಕಾರ ಹೊಣೆ. ಕಣ್ಣೆದುರಿಗೇ ಸಾಯಲು ಬಿಡಬಹುದೇ? 1974ರಲ್ಲಿ ಮೈಕೆಲ್ ಗಾನ್ ಎಂಬ ಐರಿಷ್ ಕೈದಿ ಸತ್ತ ಬಳಿಕ ಬ್ರಿಟನ್ ಬಲವಂತದ ಆಹಾರವನ್ನು ಕೈಬಿಟ್ಟಿತು. 1981ರಲ್ಲಿ ಬಾಬಿ ಸ್ಯಾಂಡ್ಸ್ ಸೇರಿ ಹತ್ತು ಮಂದಿ ಐರಿಷ್ ಕೈದಿಗಳು ಉಪವಾಸದಲ್ಲಿ ಸತ್ತರು. ನಳಿಕೆ ಬಿಟ್ಟರೆ ಸಾವು ನಿಲ್ಲುತ್ತದೆ ಎಂದು ನಾನು ಹೇಳಲಾರೆ. ಆದರೆ ‘ನಳಿಕೆ ಇಲ್ಲವೇ ಸಾವು’ ಎಂಬ ಎರಡೇ ಆಯ್ಕೆಗಳನ್ನು ನಮ್ಮ ಮುಂದಿಡುವುದು ಸರ್ಕಾರ. ಕುಳಿತು ಮಾತಾಡುವ ಮೂರನೆಯ ದಾರಿಯನ್ನು ಮರೆಮಾಚುವುದೂ ಅದೇ. ಅಂಡಮಾನಿನಲ್ಲಿ ಆ ದಾರಿ ಹಿಡಿಯಲು ಮೂರು ಹೆಣ ಬೀಳಬೇಕಾಯಿತು.

ವಿಶ್ವ ವೈದ್ಯಕೀಯ ಸಂಘ 1975ರ ಟೋಕಿಯೊ ಘೋಷಣೆಯಲ್ಲೂ 1991ರ ಮಾಲ್ಟಾ ಘೋಷಣೆಯಲ್ಲೂ ವೈದ್ಯರ ಕರ್ತವ್ಯವನ್ನು ಸ್ಪಷ್ಟಪಡಿಸಿದೆ. ಕಾವಲುಗಾರರಿಲ್ಲದ ಕಡೆ ಕೈದಿಯೊಡನೆ ಒಬ್ಬನೇ ಮಾತಾಡಬೇಕು, ಉಪವಾಸ ಅವನ ಸ್ವಂತ ನಿರ್ಧಾರವೋ, ಸಂಗಾತಿಗಳ ಒತ್ತಡವೋ, ಮನೋರೋಗವೋ ಎಂದು ತಿಳಿಯಬೇಕು, ಪರಿಣಾಮಗಳನ್ನು ವಿವರಿಸಬೇಕು, ಪ್ರಜ್ಞೆ ತಪ್ಪಿದರೆ ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಬಲಪ್ರಯೋಗದಿಂದ ಉಣಿಸುವುದು ಮಾತ್ರ ಎಂದೂ ಒಪ್ಪತಕ್ಕದ್ದಲ್ಲ. ಹಾಗಿದ್ದರೂ 2013ರಲ್ಲಿ ಅಮೆರಿಕದ ಗ್ವಾಂಟನಾಮೊ ಸೆರೆಶಿಬಿರದಲ್ಲಿ ನೂರಕ್ಕೂ ಹೆಚ್ಚು ಬಂಧಿಗಳು ಉಪವಾಸವಿದ್ದಾಗ, ಹಲವರನ್ನು ಕುರ್ಚಿಗೆ ಬಿಗಿದು ನಳಿಕೆ ಹಾಕಲಾಯಿತು. ಮರುವರ್ಷ ಅಲ್ಲಿನ ನೌಕಾಪಡೆಯ ನರ್ಸ್ ಒಬ್ಬರು ಈ ಕೆಲಸ ಮಾಡಲಾರೆನೆಂದು ನಿರಾಕರಿಸಿದರು. ಆ ಒಬ್ಬರನ್ನು ನಾನು ಗೌರವದಿಂದ ನೆನೆಯುತ್ತೇನೆ.

ಸ್ವತಂತ್ರ ಭಾರತದಲ್ಲಿ ಈ ಕಥೆಯ ಹೆಸರು ಇರೋಮ್ ಶರ್ಮಿಳಾ. 2000ದ ನವೆಂಬರ್ 2ರಂದು ಮಣಿಪುರದ ಮಾಲೋಮ್‌ನ ಬಸ್ ನಿಲ್ದಾಣದಲ್ಲಿ ಹತ್ತು ನಾಗರಿಕರು ಅಸ್ಸಾಂ ರೈಫಲ್ಸ್‌ನ ಗುಂಡಿಗೆ ಬಲಿಯಾದ ಮೇಲೆ, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ರದ್ದಾಗಲೆಂದು ಆಕೆ ಅನ್ನ ನೀರು ಬಿಟ್ಟರು. ಆತ್ಮಹತ್ಯೆಯ ಯತ್ನವೆಂದು ಬಂಧಿಸಿದರು. ಆ ಕಲಮಿಗೆ ಗರಿಷ್ಠ ಶಿಕ್ಷೆ ಒಂದು ವರ್ಷ. ಹಾಗಾಗಿ ವರ್ಷಕ್ಕೊಮ್ಮೆ ಬಿಡುಗಡೆ, ಬೆನ್ನಿಗೇ ಮರುಬಂಧನ. ತುಟಿಗೆ ನೀರು ತಾಗಬಾರದೆಂದು ಒಣ ಹತ್ತಿಯಿಂದ ಹಲ್ಲುಜ್ಜಿಕೊಳ್ಳುತ್ತಿದ್ದರು. 2014ರ ಆಗಸ್ಟ್‌ನಲ್ಲಿ ಇಂಫಾಲದ ಸೆಷನ್ಸ್ ನ್ಯಾಯಾಲಯ ಇದು ಆತ್ಮಹತ್ಯೆಯ ಯತ್ನವಲ್ಲವೆಂದು ಬಿಡುಗಡೆ ಮಾಡಿದರೂ ಎರಡೇ ದಿನದಲ್ಲಿ ಮತ್ತೆ ಎಳೆದೊಯ್ದರು. 2016ರ ಆಗಸ್ಟ್ 9ರಂದು ಉಪವಾಸ ಕೈಬಿಡುವವರೆಗೆ, ಹೆಚ್ಚುಕಡಿಮೆ ಹದಿನಾರು ವರ್ಷ, ನಳಿಕೆ ಆಕೆಯ ಮೂಗಿನಲ್ಲೇ ಇತ್ತು. ಸರ್ಕಾರಕ್ಕೆ ಇದು ಬಹಳ ಅನುಕೂಲವಾಗಿತ್ತು: ಆಕೆ ಸಾಯುವುದೂ ಇಲ್ಲ, ಆಕೆಗೆ ಉತ್ತರ ಕೊಡಬೇಕಾಗಿಯೂ ಇಲ್ಲ.

ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದವರು ಅನ್ನ ತೊರೆದು ಮುಡಿಪಿದವರ ನಿಸಿದಿ ಶಾಸನಗಳನ್ನು ನೋಡಿರುತ್ತೀರಿ. ಹೀಗೆ ಅನ್ನ ತೊರೆದು ಸಾವನ್ನು ಸ್ವೀಕರಿಸುವ ಜೈನ ವ್ರತವಾದ ಸಲ್ಲೇಖನವನ್ನು ಆತ್ಮಹತ್ಯೆಯೆಂದ ರಾಜಸ್ಥಾನ ಹೈಕೋರ್ಟ್ ತೀರ್ಪಿಗೆ 2015ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸಲ್ಲೇಖನಕ್ಕೂ ಕೈದಿಯ ಉಪವಾಸಕ್ಕೂ ಉದ್ದೇಶದಲ್ಲಿ ಅಗಾಧ ಅಂತರವಿದೆ, ಒಪ್ಪುತ್ತೇನೆ: ಸಲ್ಲೇಖನದಲ್ಲಿರುವವರು ಯಾರಲ್ಲೂ ಏನನ್ನೂ ಕೇಳುವುದಿಲ್ಲ, ಕೈದಿ ಕೇಳುತ್ತಾನೆ. ಕೇಳುವುದೇ ಅಪರಾಧವಾಗುವುದಾದರೆ ಶಿಕ್ಷೆ ಬೀಳುವುದು ಉಪವಾಸಕ್ಕಲ್ಲ, ಬೇಡಿಕೆಗೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇಂಥದ್ದಕ್ಕೇ ಎಡೆಮಾಡಿದೆ. ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಕಲಮು ಹೋಯಿತು, ಆದರೆ 226ನೆಯದು ಬಂತು: ಸರ್ಕಾರಿ ನೌಕರನನ್ನು ಒತ್ತಾಯಿಸುವ ಅಥವಾ ಅವನ ಕರ್ತವ್ಯಕ್ಕೆ ತಡೆಯೊಡ್ಡುವ ಉದ್ದೇಶದಿಂದ ಆತ್ಮಹತ್ಯೆಗೆ ಯತ್ನಿಸಿದವನಿಗೆ ಒಂದು ವರ್ಷದವರೆಗೆ ಸಜೆ. ಇದನ್ನು ಉಪವಾಸನಿರತರ ಮೇಲೆ ಹೇರಲು ಯಾವ ಜೈಲು ಅಧಿಕಾರಿಗೂ ಕಷ್ಟವಾಗದು. ಇದಕ್ಕೆ ಎದುರಾಗಿ ನಮ್ಮ ಕೈಯಲ್ಲಿರುವುದು ಖಾಸಗಿತನ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟಿನ 2017ರ ತೀರ್ಪು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆ ಅದು. ಆ ತೀರ್ಪಿನ ತಮ್ಮ ಭಾಗದಲ್ಲಿ ನ್ಯಾಯಮೂರ್ತಿ ಚಲಮೇಶ್ವರ್ ಅವರು, ಸರ್ಕಾರ ಬಲವಂತವಾಗಿ ಆಹಾರ ಉಣಿಸುವುದು ಖಾಸಗಿತನದ ಪ್ರಶ್ನೆಯನ್ನು ಎತ್ತುತ್ತದೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಕಾನೂನು ವಿದ್ಯಾರ್ಥಿಗಳು 226ನೆಯ ಕಲಮನ್ನೂ ಆ ಸಾಲನ್ನೂ ಅಕ್ಕಪಕ್ಕ ಇಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ವೈದ್ಯ ವಿದ್ಯಾರ್ಥಿಗಳಿಗೂ ಒಂದು ಕೋರಿಕೆ ಇದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿಸಂಹಿತೆಯ 6.6ನೆಯ ನಿಯಮ, ಚಿತ್ರಹಿಂಸೆಗೆ ವೈದ್ಯರು ನೆರವಾಗಕೂಡದು ಎನ್ನುತ್ತದೆ. ಉಪವಾಸನಿರತ ಕೈದಿಯ ಹೆಸರು ಅಲ್ಲಿಲ್ಲ. ಮಾಲ್ಟಾ ಘೋಷಣೆಯ ನಿಯಮಗಳನ್ನು ಅಲ್ಲಿಗೆ ಸೇರಿಸಬೇಕೆಂದು, ಬಲವಂತದ ಆಹಾರಕ್ಕೆ ಒಪ್ಪದ ಜೈಲು ವೈದ್ಯರಿಗೆ ಶಿಸ್ತುಕ್ರಮದಿಂದ ರಕ್ಷಣೆ ಸಿಗಬೇಕೆಂದು ನಿಮ್ಮ ಸಂಘಗಳ ಮೂಲಕ ಬರೆದು ಒತ್ತಾಯಿಸಿ. ಕರಡು ಸಿದ್ಧಪಡಿಸಲು ಮುಂದೆ ಬರುವವರ ಜೊತೆ ಕುಳಿತು ಕೆಲಸ ಮಾಡಲು ನಾನು ಸಿದ್ಧನಿದ್ದೇನೆ.