ಗೀರು ಸಣ್ಣದು, ನೋವು ದೊಡ್ಡದು

ಕೇಳುಗರಿಗೆ ನಮಸ್ಕಾರ.

1847ರ ಮಾರ್ಚ್ ತಿಂಗಳು. ವಿಯೆನ್ನಾದ ದೊಡ್ಡಾಸ್ಪತ್ರೆ. ಯಾಕೋಬ್ ಕೊಲೆಚ್ಕಾ ಎಂಬ ಪ್ರೊಫೆಸರು ಶವಪರೀಕ್ಷೆ ನಡೆಸುತ್ತಿದ್ದರು. ವಿದ್ಯಾರ್ಥಿಯೊಬ್ಬನ ಕೈಲಿದ್ದ ಚಾಕು ಅವರ ಬೆರಳಿಗೆ ತಾಗಿತು. ಗಾಯ ಸಣ್ಣದೇ. ಆದರೆ ಅದು ನಂಜೇರಿ ಅವರು ತೀರಿಕೊಂಡರು.

ಅವರ ಗೆಳೆಯ ಡಾಕ್ಟರ್ ಸೆಮ್ಮೆಲ್‌ವೈಸ್ ಮರಣದ ವರದಿ ಓದಿ ಬೆಚ್ಚಿಬಿದ್ದರು. ಅದೇ ಆಸ್ಪತ್ರೆಯಲ್ಲಿ ಬಾಣಂತಿ ಜ್ವರದಿಂದ ಸತ್ತ ಹೆಂಗಸರ ದೇಹದಲ್ಲಿ ಏನು ಕಂಡಿತ್ತೋ, ಗೆಳೆಯನ ದೇಹದಲ್ಲೂ ಅದೇ ಇತ್ತು. ಹೆಣ ಮುಟ್ಟಿದ ಕೈಯಲ್ಲೇ ಡಾಕ್ಟರುಗಳು ಹೆರಿಗೆ ವಾರ್ಡಿಗೆ ಹೋಗುತ್ತಿದ್ದರು! ಸೆಮ್ಮೆಲ್‌ವೈಸ್ ಎಲ್ಲರಿಗೂ ಕ್ಲೋರಿನ್ ನೀರಲ್ಲಿ ಕೈ ತೊಳೆಯಲು ಹೇಳಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಬಾಣಂತಿಯರು ಸತ್ತಿದ್ದ ವಾರ್ಡಿನಲ್ಲಿ ಜೂನ್ ಹೊತ್ತಿಗೆ ಆ ಲೆಕ್ಕ ಎರಡು ಚಿಲ್ಲರೆಗೆ ಇಳಿಯಿತು.

ಕೊಲ್ಲುತ್ತಿದ್ದದ್ದು ಯಾವುದು ಅಂತ ಮಾತ್ರ ಅವರಿಗೆ ಗೊತ್ತಿರಲಿಲ್ಲ. 1879ರಲ್ಲಿ ಲೂಯಿ ಪಾಶ್ಚರ್ ಪ್ಯಾರಿಸ್ಸಿನ ವೈದ್ಯರ ಸಭೆಯಲ್ಲಿ ಕಪ್ಪು ಹಲಗೆಯ ಮೇಲೆ ಅದರ ಚಿತ್ರ ಬರೆದು ತೋರಿಸಿದರು. ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ. ಅದೇ ಸ್ಟ್ರೆಪ್ಟೋಕಾಕಸ್.

ಇದೇನೂ ಅಪರೂಪದ ಜೀವಿಯಲ್ಲ. ಮಕ್ಕಳಿಗೆ ಗಂಟಲು ನೋವು ಬರುತ್ತದಲ್ವಾ, ಅದರಲ್ಲಿ ಒಂದು ಪಾಲು ಇದರದ್ದೇ. ಎಷ್ಟೋ ಜನರ ಗಂಟಲಲ್ಲಿ ಸುಮ್ನೆ ಕೂತಿರುತ್ತದೆ. ಅದು ರಕ್ತಕ್ಕೆ, ಸ್ನಾಯುಗಳನ್ನು ಸುತ್ತಿದ ಪೊರೆಗೆ ಇಳಿದಾಗಲೇ ಅಪಾಯ. ಇಳಿಯೋಕೆ ಒಂದು ಗೀರು ಸಾಕು. ‘ಅಮ್ಮ’ ಆದಾಗ ಮಕ್ಕಳು ಕೆರೆದುಕೊಂಡ ಗುಳ್ಳೆಯೂ ಸಾಕು. ಕೆಲವು ಸಲ ಎಲ್ಲಿಂದ ಹೊಕ್ಕಿತು ಅಂತಲೇ ತಿಳಿಯುವುದಿಲ್ಲ.

ಒಳಗೆ ಹೊಕ್ಕಮೇಲೆ ನಮ್ಮದೇ ವೇಷ ಹಾಕುತ್ತದೆ. ನಮ್ಮ ಕೀಲುಗಳಲ್ಲಿ ಇರುವ ಹಯಲುರಾನಿಕ್ ಆಮ್ಲವನ್ನೇ ತಾನೂ ತಯಾರಿಸಿ ಮೈಗೆ ಹೊದ್ದುಕೊಳ್ಳುತ್ತದೆ. ಕಾವಲಿನ ಬಿಳಿ ರಕ್ತಕಣಗಳಿಗೆ ಇದು ನಮ್ಮವನೋ ಕಳ್ಳನೋ ಗೊತ್ತಾಗುವುದು ಕಷ್ಟ. ಅವು ಬಲೆ ಬೀಸಿದರೆ ಬಲೆಯನ್ನೇ ಕತ್ತರಿಸುತ್ತದೆ. ದೇಹ ಸುತ್ತಲೂ ರಕ್ತ ಹೆಪ್ಪುಗಟ್ಟಿಸಿ ಗೋಡೆ ಕಟ್ಟಿದರೆ, ಅದನ್ನು ಕರಗಿಸೋಕೆ ಸ್ಟ್ರೆಪ್ಟೋಕೈನೇಸ್ ಬಿಡುತ್ತದೆ. ಈ ಹೆಸರು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಹಾರ್ಟ್ ಅಟ್ಯಾಕ್ ಆದವರಿಗೆ ನಮ್ಮ ಆಸ್ಪತ್ರೆಗಳಲ್ಲಿ ಎಷ್ಟೋ ವರ್ಷ ಕೊಟ್ಟ ಇಂಜೆಕ್ಷನ್ ಅದು. ಈ ಬ್ಯಾಕ್ಟೀರಿಯಾದ ದಾಯಾದಿಯೊಂದರಿಂದ ತೆಗೆದದ್ದು. ಕಳ್ಳನ ಕನ್ನಗತ್ತರಿಯಲ್ಲೇ ಮುಚ್ಚಿಹೋದ ಬಾಗಿಲು ತೆಗೆದ ಹಾಗೆ!

ಇದರ ಕೆಲವು ವಿಷಗಳು ಇನ್ನೂ ಕೆಟ್ಟವು. ಸಾಮಾನ್ಯವಾಗಿ ಒಂದು ರೋಗಾಣು ಬಂದರೆ ನಮ್ಮ ಟಿ ಕಣಗಳಲ್ಲಿ, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯಲ್ಲಿ, ಸಾವಿರಾರಕ್ಕೆ ಒಂದು ಎದ್ದು ನಿಲ್ಲುತ್ತದೆ. ಈ ವಿಷ ಬಂದರೆ ನೂರಕ್ಕೆ ಇಪ್ಪತ್ತರವರೆಗೂ ಒಟ್ಟಿಗೆ ಏಳುತ್ತವೆ. ಊರಿಗೆ ಊರೇ ದೊಣ್ಣೆ ಹಿಡಿದು ಬೀದಿಗೆ ಬಂದ ಹಾಗೆ. ಬಿ.ಪಿ. ಕುಸಿಯುತ್ತದೆ, ಕಿಡ್ನಿ ಕೈಕೊಡುತ್ತದೆ. ಟಾಕ್ಸಿಕ್ ಶಾಕ್ ಅನ್ನುವುದು ಇದನ್ನೇ.

ಈ ಬ್ಯಾಕ್ಟೀರಿಯಾ ಸ್ನಾಯುವಿನ ಪೊರೆಗೆ ಇಳಿದರೆ ಆ ಪೊರೆಯೇ ಕೊಳೆಯುತ್ತದೆ. ಆ ರೋಗದಲ್ಲಿ ಒಂದು ಸುಳಿವನ್ನು ಮನೆಯವರೂ ಗುರುತಿಸಬಹುದು. ಮೇಲೆ ಚರ್ಮ ಸ್ವಲ್ಪ ಕೆಂಪಗಿದೆ, ಅಷ್ಟೇ. ಆದರೆ ರೋಗಿ ನೋವು ತಡೆಯಲಾರದೆ ಕೂಗುತ್ತಾನೆ. ಕಣ್ಣಿಗೆ ಕಾಣುವುದಕ್ಕೂ ನೋವಿಗೂ ತಾಳೆಯೇ ಇಲ್ಲ. ಜೊತೆಗೆ ಜ್ವರ, ಸುಸ್ತು. ಆಮೇಲೆ ನೋವು ತಾನಾಗಿಯೇ ಕಡಿಮೆಯಾದರೆ ‘ಸದ್ಯ, ಗುಣವಾಯ್ತು’ ಅಂದುಕೊಳ್ಳಬೇಡಿ. ನರಗಳೇ ಸತ್ತಿರಬಹುದು. ಇದಕ್ಕೆ ಬೆಳಗಿನ ತನಕ ಕಾಯುವುದು ಬೇಡ, ರಾತ್ರಿಯೇ ಹೊರಡಿ.

ಪೆನಿಸಿಲಿನ್ ಇವತ್ತಿಗೂ ಇದನ್ನು ಕೊಲ್ಲುತ್ತದೆ. ಇಷ್ಟು ವರ್ಷ ಬಳಸಿದ ಮದ್ದಿಗೆ ಒಂದು ಬ್ಯಾಕ್ಟೀರಿಯಾ ಜಗ್ಗುತ್ತಿದೆ ಅನ್ನುವುದೇ ಅಚ್ಚರಿ. ಆದರೆ ರೋಗ ಉಲ್ಬಣಿಸಿದಾಗ ಅದೊಂದೇ ಸಾಲುವುದಿಲ್ಲ. ವಿಷ ತಯಾರಾಗುವುದನ್ನೇ ತಡೆಯೋಕೆ ಕ್ಲಿಂಡಾಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಕೂಡ ಬೇಕು. ಕೊಳೆತ ಭಾಗವನ್ನು ಸರ್ಜನ್ ಕತ್ತರಿಸಿ ತೆಗೆಯಲೇಬೇಕು.

ಆಸ್ಪತ್ರೆಯಲ್ಲಿ ಕೆಲವು ಸಲ ಡಾಕ್ಟರು ಕೆಂಪು ಜಾಗದ ಅಂಚಿಗೆ ಪೆನ್ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡುತ್ತಾರೆ, ಕೆಂಪು ಗೆರೆ ದಾಟಿದೆಯಾ ಅಂತ.

ನಮಸ್ಕಾರ.