ಈ ಬೊಂಬೆಗೆ ಇಷ್ಟೊಂದು ಮೊಳೆ ಯಾಕೆ?

ನಮಸ್ಕಾರ ಹೇಳುವ ಮೊದಲೇ ಈ ಶಾಟ್ ಹಾಕಿಬಿಟ್ಟಿದ್ದೇನೆ, ಒಮ್ಮೆ ನೋಡಿ. ಮರದ ಬೊಂಬೆ. ಮೈತುಂಬ ಮೊಳೆ, ಚೂರಿಯ ಅಲಗು, ತುಕ್ಕು ಹಿಡಿದ ಕಬ್ಬಿಣದ ಚೂರು. ಯಾರಿಗೋ ಮಾಟ ಮಾಡಿಸಿದ್ದಾರೆ ಅಂದುಕೊಂಡಿರಿ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಇದು ಬೆಲ್ಜಿಯಂ. ಬ್ರಸೆಲ್ಸ್‌ನಲ್ಲಿ 44ನೇ ನಂಬರ್ ಟ್ರಾಮ್ ಹತ್ತಿ ಸುಮ್ನೆ ಕೂತರೆ ಸಾಕು, ಕೊನೇ ಸ್ಟಾಪ್ ಟೆರ್ವುರೆನ್. ಅಲ್ಲೇ ಆಫ್ರಿಕಾ ಮ್ಯೂಸಿಯಂ. ಕಟ್ಟಡ ಅರಮನೆ ಥರ ಇದೆ, ಆದರೆ ಈ ಜಾಗದ ಕಥೆ ಕೇಳಿದರೆ ಹೊಟ್ಟೆ ತೊಳಸುತ್ತದೆ. ಕಾಂಗೋವನ್ನು ಸ್ವಂತ ಜಮೀನಿನ ಹಾಗೆ ಇಟ್ಟುಕೊಂಡಿದ್ದ ದೊರೆ ಎರಡನೇ ಲಿಯೋಪೋಲ್ಡ್ ಕಾಲದಲ್ಲಿ, 1897ರಲ್ಲಿ, 267 ಕಾಂಗೋಲಿಯರನ್ನು ಕರೆತಂದು ಇಲ್ಲಿನ ಪಾರ್ಕಿನಲ್ಲಿ ಗುಡಿಸಲು ಹಾಕಿ ಜನ ನೋಡಲಿ ಅಂತ ಇಟ್ಟಿದ್ದರು. ಅವರಲ್ಲಿ ಏಳು ಜನ ಇಲ್ಲೇ ತೀರಿಕೊಂಡರು. ಅವರ ಸಮಾಧಿಗಳು ಊರಿನ ಚರ್ಚ್ ಪಕ್ಕದಲ್ಲಿವೆ.

ಸರಿ, ಬೊಂಬೆಗೆ ಬರೋಣ. ಇದರ ಹೆಸರು ಎನ್‌ಕಿಸಿ ಎನ್‌ಕೊಂಡಿ. ಕಾಂಗೋ ನದಿ ಸಮುದ್ರ ಸೇರುವ ಕಡೆ ಇರುವ ಕೊಂಗೊ ಜನರದ್ದು. ಎನ್‌ಕೊಂಡಿ ಅಂದರೆ ಬೇಟೆಗಾರ. ಮರ ಕೆತ್ತುವವನು ಕೆತ್ತಿ ಕೊಟ್ಟಾಗ ಇದು ಬರೀ ಮರ, ಯಾರೂ ಹೆದರುವುದಿಲ್ಲ. ಆಮೇಲೆ ಎನ್‌ಗಂಗ ಬರುತ್ತಾನೆ. ಅವನು ವೈದ್ಯನೂ ಹೌದು, ಪೂಜಾರಿಯೂ ಹೌದು. ಹೊಟ್ಟೆಯ ಗೂಡಿನಲ್ಲಿ ಮದ್ದು ತುಂಬುತ್ತಾನೆ: ಗಿಡಮೂಲಿಕೆ, ಬಿಳಿ ಜೇಡಿಮಣ್ಣು, ಸಮಾಧಿಯ ಮಣ್ಣು. ಮೇಲೆ ಕನ್ನಡಿಯನ್ನೋ ಕಪ್ಪೆಚಿಪ್ಪನ್ನೋ ಕೂರಿಸಿ ಮುಚ್ಚುತ್ತಾನೆ. ಅಲ್ಲಿಂದ ಅದಕ್ಕೆ ಶಕ್ತಿ.

ಈಗ ಮೊಳೆ. ಎರಡು ಕಡೆಯವರ ಜಗಳ ಮುಗಿದು ರಾಜಿಯಾಯಿತು ಅನ್ನಿ, ಇಬ್ಬರೂ ಇದರ ಮುಂದೆ ಆಣೆ ಇಡುತ್ತಾರೆ, ಒಂದು ಮೊಳೆ ಬೀಳುತ್ತದೆ. ಹೊಡೆಯುವ ಮೊದಲು ಆ ಮೊಳೆಯನ್ನು ನಾಲಿಗೆಯಿಂದ ಸವರುವುದೂ ಇತ್ತು, ಮಾತು ಕೊಟ್ಟವನು ಯಾರು ಅಂತ ಬೊಂಬೆಗೆ ಗೊತ್ತಾಗಬೇಕಲ್ಲ! ಮಾತಿಗೆ ತಪ್ಪಿದರೆ ಬೇಟೆಗಾರ ಬೆನ್ನು ಹತ್ತುತ್ತಾನೆ. ಇಲ್ಲಿ ಜೂಮ್ ಮಾಡಿದ್ದೇನೆ, ಮೊಳೆಗೆ ಸುತ್ತಿದ ಬಟ್ಟೆ ಚೂರು ಕಾಣಿಸಿತಾ? ಯಾರೋ ಗುರುತಿಗೆ ಕಟ್ಟಿದ್ದು. ಅಂದರೆ ಇದು ಬರೀ ಮಾಟದ ಬೊಂಬೆ ಅಲ್ಲ, ಒಂದು ಊರಿನ ಕರಾರು ಪತ್ರಗಳ ಕಟ್ಟು.

ಇದು ಗೊತ್ತಾದ ಮೇಲೆ ನೇ ಕುಕೋ ಅನ್ನುವವನ ಕಥೆ ಓದಿ ನನಗೆ ಜಾಸ್ತಿ ಸಿಟ್ಟು ಬಂತು. ಅವನು ಕಾಂಗೋ ನದಿ ದಡದ ಬೋಮಾ ಅನ್ನುವ ಊರಿನ ಮುಖ್ಯಸ್ಥರಲ್ಲಿ ಒಬ್ಬ. 1878ರಲ್ಲಿ ಅಲೆಕ್ಸಾಂಡರ್ ಡೆಲ್‌ಕಮ್ಯೂನ್ ಎಂಬ ಬೆಲ್ಜಿಯನ್ ವ್ಯಾಪಾರಿ ಅವನ ಹಳ್ಳಿಯ ಮೇಲೆ ಬಿದ್ದು ಅವರ ಎನ್‌ಕೊಂಡಿಯನ್ನೇ ಎತ್ತಿಕೊಂಡು ಹೋದ. ವಾಪಸ್ ಕೊಡಿ ಅಂತ ಅವರು ಕೇಳಿದರು. ಕೊಡಲಿಲ್ಲ. ಕೊನೆಗೆ ಅದು ಬಂದು ಸೇರಿದ್ದು ಇದೇ ಮ್ಯೂಸಿಯಂಗೆ. ನಮ್ಮ ಮನೆಯ ಕ್ರಯಪತ್ರ ಯಾರೋ ಹೊತ್ತುಕೊಂಡು ಹೋಗಿ, ಅಬ್ಬಾ ಎಂಥ ಅಕ್ಷರ ಅಂತ ಗಾಜಿನೊಳಗೆ ಇಟ್ಟ ಹಾಗೆ.

ಮುಖವಾಡಗಳ ವಿಷಯ ಬೇಗ ಹೇಳಿಬಿಡುತ್ತೇನೆ, ಅವುಗಳಿಗೇ ಬೇರೆ ವೀಡಿಯೊ ಮಾಡಬೇಕು. ಕಾಂಗೋದ ಸುಕು ಜನರ ಕಾಕೂಂಗು ಅಂತ ಒಂದಿದೆ, ಉಬ್ಬಿದ ಕೆನ್ನೆ, ಮುಂದಕ್ಕೆ ಚಾಚಿದ ಗಲ್ಲ, ದೈತ್ಯ ಮುಖವಾಡ. ಇಲ್ಲೇ ಇತ್ತು. 2022ರ ಜೂನ್‌ನಲ್ಲಿ ಬೆಲ್ಜಿಯಂ ದೊರೆ ಫಿಲಿಪ್ ಕಾಂಗೋ ರಾಜಧಾನಿ ಕಿನ್ಶಾಸಾಗೆ ಹೋಗಿ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂಗೆ ಕೊಟ್ಟುಬಂದರು. ಕೊಟ್ಟದ್ದು ಹೇಗೆ ಗೊತ್ತಾ? ಕಡ! ವಾಪಸ್ ಕೊಡಲು ಗಡುವಿಲ್ಲದ ಕಡ ಅಂತೆ. ಅವರ ವಸ್ತು, ಅವರಿಗೇ ಕಡ.

ಆಮೇಲೆ ಕ್ಲಿಪ್ ಯಾಕಿಷ್ಟು ಕತ್ತಲು ಅಂತ ಕೇಳಬೇಡಿ, ನಾನು ಫ್ಲ್ಯಾಶ್ ಹಾಕಲಿಲ್ಲ. ಈ ಕೊನೇ ಶಾಟ್‌ನಲ್ಲಿ ಗಾಜಿನ ಮೇಲೆ ಅಲುಗಾಡುತ್ತಿರುವುದು ನನ್ನದೇ ಮುಖ.